ಘಟ್ಟದ ಬುಡದ ಮೌನ
ಮಡಿಕೇರಿಯ ಘಟ್ಟವಿಳಿದ ಹೆದ್ದಾರಿಯು ಪಯಸ್ವಿನಿ ನದಿಯೊಡಗೂಡಿ ಸುಳ್ಯದತ್ತ ಸಾಗುವ ಸಂಪಾಜೆಯಂತಹ ಊರುಗಳಲ್ಲಿ, ಯಾರ ಮನೆಯ ಯಜಮಾನ ಕುಡಿಯುತ್ತಾನೆಂಬುದು ಸರ್ವರಿಗೂ ವಿದಿತವಾಗಿದ್ದರೂ, ಅವನೆದುರು ಮಾತ್ರ ಯಾರೂ ಆಡದ ವಿಚಿತ್ರ ಮೌನವೊಂದುಂಟು.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ತಟ್ಟಿದ್ದು ಈ ಮೌನವನ್ನೇ: ಪಾನಮುಕ್ತನಾದವನು ನವಜೀವನ ಸಮಿತಿಯ ಸದಸ್ಯನಾಗಿ, ಊರವರ ಸಮಕ್ಷಮದಲ್ಲಿ, ಹೆಂಡತಿಮಕ್ಕಳು ಕೇಳುತ್ತಿರುವಂತೆಯೇ, ತನ್ನ ಕುಡಿತದ ಕಥೆಯನ್ನು ತಾನೇ ನುಡಿಯುತ್ತಾನೆ.

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಜನಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಪಾನಮುಕ್ತಿ ಬಳಗವು ಸದಸ್ಯರ ಹೆಸರನ್ನು ಮರೆಮಾಡಿ ಧೈರ್ಯವಿತ್ತಿತು. ಜಗಲಿಯಿಂದ ಜಗಲಿಗೆ ಸುದ್ದಿ ಹರಿಯುವ ಇಲ್ಲಿ ಹೆಸರನ್ನು ಮುಚ್ಚಿಡುವುದಾದರೂ ಹೇಗೆ!

ವ್ಯಸನವು ಚಿಕಿತ್ಸಾರ್ಹ ವ್ಯಾಧಿಯೆಂದು ನಿಮ್ಹಾನ್ಸ್ ವೈದ್ಯರು ಹೇಳಿದಾಗ ಸುಮ್ಮನೆ ತಲೆದೂಗಿದ್ದ ನೆರೆಯವನು, ಅದನ್ನೇ ತನ್ನೊಡನೆ ಅಡಿಕೆ ಸುಲಿದವನ ಬಾಯಿಂದ ಕೇಳಿದ ಸಂಜೆ, ತನ್ನ ತಮ್ಮನಿಗಾಗಿ ಮುಂದಿನ ಶಿಬಿರ ಯಾವಾಗ ಎಂದು ಮೆಲುದನಿಯಲ್ಲಿ ವಿಚಾರಿಸುತ್ತಾನೆ.