ಕಡಲಾಚೆಯಿಂದ ಮನೆ ಕಾಯುವ ಕ್ಯಾಮೆರಾ

ಉಡುಪಿ, ಕುಂದಾಪುರ ಕಡೆಯ ಹಳ್ಳಿಗಳಲ್ಲಿ ವರ್ಷದ ಬಹುಪಾಲು ಬೀಗ ಬಿದ್ದೇ ಇರುವ ಮನೆಗಳಿವೆ. ಮಕ್ಕಳು ದುಬೈ, ಮಸ್ಕತ್, ನ್ಯೂಜೆರ್ಸಿ ಸೇರಿದ್ದಾರೆ. ಅಪ್ಪ-ಅಮ್ಮ ತೀರಿಕೊಂಡಿದ್ದಾರೆ, ಇಲ್ಲವೇ ಅವರೂ ಮಕ್ಕಳ ಜತೆ ಹೋಗಿದ್ದಾರೆ. ಇಂಥ ಮನೆಗೆ ಕ್ಯಾಮೆರಾ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಕರೆಂಟು ಹೋಗಿ ಬಂದ ಮೇಲೆ, ಜೂನ್ ತಿಂಗಳ ಮಳೆಯ ನಡುವೆ, ಸ್ವಿಚ್ ಒತ್ತಲು ಒಬ್ಬರೂ ಇಲ್ಲದಾಗ ಇದು ತಾನಾಗಿ ಕೆಲಸ ಶುರುಮಾಡುತ್ತದೆಯೇ ಎಂಬುದು ಮೊದಲನೆಯದು.

ಮನೆ ಕಾಯಲು ಕ್ಯಾಮೆರಾ ಬಳಸುವ ಯೋಚನೆಗೆ ಅರ್ಧ ಶತಮಾನ ದಾಟಿದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ತಮ್ಮ ಪತಿ ಆಲ್ಬರ್ಟ್ ಜತೆಗೂಡಿ 1966ರಲ್ಲಿ ಅರ್ಜಿ ಹಾಕಿ, 1969ರಲ್ಲಿ ಪೇಟೆಂಟ್ ಪಡೆದರು. ಬಾಗಿಲ ಕಿಂಡಿಗಳ ಹಿಂದೆ ಮೇಲೆ-ಕೆಳಗೆ ಸರಿಯುವ ಕ್ಯಾಮೆರಾ, ಒಳಗಿನ ಕೋಣೆಯಲ್ಲಿ ಟಿವಿ ಪರದೆ. ಬಂದವರ ಮುಖ ನೋಡಿ, ಅಲ್ಲಿಂದಲೇ ಚಿಲಕ ತೆಗೆಯಬಹುದಿತ್ತು. ಆದರೆ ಆಕೆ ಮನೆಯೊಳಗೇ ಇದ್ದರು. ನೋಡುವವರು ಸಾವಿರಾರು ಕಿಲೋಮೀಟರ್ ದೂರ ಹೋದಾಗ ಯಂತ್ರದ ಕೆಲಸ ಎಷ್ಟೋ ಪಟ್ಟು ಕಠಿಣವಾಗುತ್ತದೆ.

ಬ್ಯಾಟರಿಯಿಂದ ನಡೆಯುವ ಪುಟ್ಟ ವೈಫೈ ಕ್ಯಾಮೆರಾ ಅಗ್ಗ, ಗೋಡೆಗೆ ಅಂಟಿಸಿದರೆ ಆಯಿತು. ಬ್ಯಾಟರಿ ಉಳಿಸಲು ಅದು ಹೆಚ್ಚು ಹೊತ್ತು ನಿದ್ರಿಸುತ್ತದೆ. ಅದನ್ನು ಎಬ್ಬಿಸುವುದು ‘ಪಿಐಆರ್’ ಎಂಬ ಸಂವೇದಕ. ನಮ್ಮ ಮೈ ಸದಾ ಅವಗೆಂಪು ಕಿರಣ ಸೂಸುತ್ತಿರುತ್ತದೆ; ಸುಮಾರು 9–10 ಮೈಕ್ರೋಮೀಟರ್ ತರಂಗಾಂತರದಲ್ಲಿ ಅದು ಅತಿ ಹೆಚ್ಚು. ಸಂವೇದಕದೊಳಗಿನ ಹರಳಿನ ಮೇಲೆ ಈ ಶಾಖ ಹೆಚ್ಚು-ಕಡಿಮೆಯಾದರೆ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅಂದರೆ ಅದು ಗುರುತಿಸುವುದು ಮನುಷ್ಯನನ್ನಲ್ಲ, ಮನುಷ್ಯನಿಗೂ ಹಿಂದಿನ ಗೋಡೆಗೂ ಇರುವ ಶಾಖದ ವ್ಯತ್ಯಾಸವನ್ನು. ಕರಾವಳಿಯ ಏಪ್ರಿಲ್ ಮಧ್ಯಾಹ್ನ ಕಾದ ಗೋಡೆಯೂ ಮೈ ಚರ್ಮವೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಬಂದಾಗ ಆ ವ್ಯತ್ಯಾಸವೇ ಅಳಿದುಹೋಗಿ, ಕ್ಯಾಮೆರಾ ಎಚ್ಚರಗೊಳ್ಳದೆ ಇರಬಹುದು. ಖಾಲಿ ಮನೆಗೆ ಇದೊಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ಹಗಲೂ ರಾತ್ರಿ ಎಚ್ಚರವಿದ್ದು, ಚಿತ್ರದಲ್ಲೇ ಮನುಷ್ಯನ ಆಕಾರ ಹುಡುಕುವ, ತಂತಿ ಎಳೆದ ಕ್ಯಾಮೆರಾ ಮೇಲು.

ರಾತ್ರಿಯ ಕಷ್ಟ ಬೇರೆ. ಕತ್ತಲಾದೊಡನೆ ಕ್ಯಾಮೆರಾ ತನ್ನದೇ ಅವಗೆಂಪು ದೀಪ ಹೊತ್ತಿಸಿಕೊಳ್ಳುತ್ತದೆ. 850 ನ್ಯಾನೋಮೀಟರಿನ ದೀಪವಾದರೆ ಹತ್ತಿರದಿಂದ ಮಂಕು ಕೆಂಪಾಗಿ ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಆದರೆ ಅದರ ಬೆಳಕು ಅಷ್ಟು ದೂರ ಹೋಗದು. ಮಾಡಿನ ಅಡಿಯಲ್ಲಿ ಕೂತ ಕ್ಯಾಮೆರಾದ ಮುಂದೆ ಜೇಡ ಬಲೆ ನೇಯ್ದರೆ ಆ ಎಳೆಗಳು ಇದೇ ಬೆಳಕಿಗೆ ಬೆಳ್ಳಗೆ ಹೊಳೆದು ಅಂಗಳವನ್ನೇ ಮುಚ್ಚಿಬಿಡುತ್ತವೆ. ಒರೆಸಲು ಮನೆಯಲ್ಲಿ ಜನ ಬೇಕಲ್ಲ? ದೀಪವನ್ನು ಕ್ಯಾಮೆರಾದಿಂದ ದೂರ, ಬೇರೆಯೇ ಕಂಬಕ್ಕೆ ಹಾಕಿಸಿದರೆ ಈ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ.

ಮಳೆಯದ್ದು ಇನ್ನೂ ಸ್ವಾರಸ್ಯದ ತೊಂದರೆ. ಕ್ಯಾಮೆರಾ ಪ್ರತಿ ಚಿತ್ರವನ್ನೂ ಇಡಿಯಾಗಿ ಉಳಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಪೂರ್ತಿ ಚಿತ್ರ, ನಡುವೆ ಹಿಂದಿನದಕ್ಕಿಂತ ಬದಲಾದ ಭಾಗ ಮಾತ್ರ. ಎಚ್.265 ಎಂಬ ಅಡಕ ವಿಧಾನ ಇಷ್ಟು ಮಿತವ್ಯಯಿ ಆಗಿರುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಆಷಾಢದ ರಾತ್ರಿ ಅವಗೆಂಪು ಬೆಳಕಿನಲ್ಲಿ ಪ್ರತಿ ಹನಿಯೂ ಬಿಳಿ ಗೆರೆ, ಗಾಳಿಗೆ ಪ್ರತಿ ತೆಂಗಿನ ಗರಿಯೂ ಚಲನೆ. ಬದಲಾಗದ ಮೂಲೆಯೇ ಉಳಿಯುವುದಿಲ್ಲ. ಆಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಇಲ್ಲವೇ ಹಾರ್ಡ್‌ಡಿಸ್ಕ್ ಬೇಗ ತುಂಬುತ್ತದೆ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹಿಡಿದರೂ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 22 ಜಿಬಿ ಬೇಕು. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ 11 ದಿನಕ್ಕೆ ತುಂಬಿ, ಹಳೆಯದನ್ನು ಅಳಿಸಲು ತೊಡಗುತ್ತದೆ. ಕಳವಾದದ್ದು ತಿಂಗಳ ಮೇಲೆ ತಿಳಿಯುವ ಮನೆಗೆ ಇದು ಏನೂ ಸಾಲದು. 4 ಟಿಬಿಗಿಂತ ಕಡಿಮೆಯದು ಬೇಡ. ದೃಶ್ಯ ಉಳಿಸುವ ಪೆಟ್ಟಿಗೆಯನ್ನು ಟಿವಿ ಪಕ್ಕ ಇಡಬೇಡಿ. ಕಳ್ಳನ ಕೈಗೆ ಅದು ಸುಲಭದಲ್ಲಿ ಸಿಕ್ಕರೆ ಸಾಕ್ಷ್ಯವೂ ಅವನ ಜತೆಯೇ ಹೋಯಿತು.

ಇನ್ನು ಮೆಗಾಪಿಕ್ಸೆಲ್. ಗುರುತೇ ಇಲ್ಲದವನ ಮುಖ ಸ್ಪಷ್ಟವಾಗಿ ಸಿಗಬೇಕಾದರೆ ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂದು ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಹೇಳಿತ್ತು. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1,920 ಪಿಕ್ಸೆಲ್. ಭಾಗಿಸಿದರೆ ಏಳೂವರೆ ಮೀಟರ್ ಚಿಲ್ಲರೆ. 90 ಡಿಗ್ರಿ ಅಗಲಕ್ಕೆ ನೋಡುವ ಲೆನ್ಸ್ ಹಾಕಿದರೆ ನಾಲ್ಕು ಮೀಟರಿನೊಳಗೇ ಆ ಅಗಲ ಮುಗಿಯಿತು. ಅಂಗಳವೆಲ್ಲ ಕಾಣುವ ಕ್ಯಾಮೆರಾದಲ್ಲಿ ಗೇಟಿನ ಬಳಿ ನಿಂತವನು ಬರೀ ಆಕಾರ. ಅದಕ್ಕೇ ಒಂದನ್ನು ಅಗಲ ನೋಟಕ್ಕೆ, ಇನ್ನೊಂದನ್ನು ಗೇಟಿಗೆ ಗುರಿಯಿಟ್ಟ ಕಿರಿದಾದ ನೋಟಕ್ಕೆ ಹಾಕಿಸಬೇಕು.

ಕೆಂಪುಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಹಾಯುವುದು ಕಷ್ಟ. ‘ಪಿಒಇ’ ವಿಧಾನದಲ್ಲಿ ಒಂದೇ ಕೇಬಲ್ ಕರೆಂಟನ್ನೂ ಚಿತ್ರವನ್ನೂ 100 ಮೀಟರ್ ತನಕ ಸಾಗಿಸುತ್ತದೆ. ಎಲ್ಲ ಕ್ಯಾಮೆರಾಗಳಿಗೂ ಒಂದೇ ಕಡೆಯಿಂದ ಕರೆಂಟು ಹೋಗುವುದರಿಂದ ಅಲ್ಲೊಂದು ಯುಪಿಎಸ್ ಇಟ್ಟರೆ ಎಲ್ಲವೂ ಉಸಿರಾಡುತ್ತವೆ. ಇಂಟರ್ನೆಟ್ ರೂಟರನ್ನೂ ಅದಕ್ಕೇ ಸೇರಿಸಿ. ಗೇಟಿನ ತನಕ ಎಳೆದ ತಾಮ್ರದ ತಂತಿ ಮೇ ತಿಂಗಳ ಸಿಡಿಲಿಗೆ ದಾರಿಯೂ ಹೌದು. ಸರ್ಜ್ ರಕ್ಷಕ, ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಒಂದೇ ಹೊಡೆತಕ್ಕೆ ಎಲ್ಲವೂ ಸುಡಬಹುದು.

ಅಮೆರಿಕದಿಂದ ಬರುವಾಗ ಸೂಟ್‌ಕೇಸಿನಲ್ಲಿ ಕ್ಯಾಮೆರಾ ತರುವವರಿದ್ದಾರೆ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ನಮ್ಮ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, 60ಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ಅದು ಹರಿದಾಡುವ ಪಟ್ಟೆಯಾಗಿ ಕಾಣಬಹುದು. ಸೆಟ್ಟಿಂಗ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೂ ಇಲ್ಲೇ ಕೊಳ್ಳಿ ಎನ್ನುತ್ತೇನೆ: ಕೆಟ್ಟರೆ ಊರಿನ ರಿಪೇರಿಯವನಿಗೆ ಅದರ ಭಾಗ ಸಿಗಬೇಕು. ಇಲ್ಲಿ ಮಾರುವ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಸೈಬರ್ ಭದ್ರತಾ ಪರೀಕ್ಷೆ ಕಡ್ಡಾಯವೂ ಆಗಿದೆ. ಅದರ ಅಗತ್ಯ 2016ರಲ್ಲೇ ಕಂಡಿತ್ತು. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕ್ಯಾಮೆರಾ, ರೂಟರ್‌ಗಳನ್ನು ‘ಮಿರಾಯ್’ ಎಂಬ ಕುತಂತ್ರಾಂಶ ವಶಪಡಿಸಿಕೊಂಡು, ಆ ಅಕ್ಟೋಬರಿನಲ್ಲಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗದಂತೆ ಮಾಡಿತ್ತು.

ನ್ಯೂಜೆರ್ಸಿಯಲ್ಲಿ ಫೋನು ಗುಂಯ್‌ಗುಟ್ಟಿದಾಗ ಗೇಟಿನ ತನಕ ನಡೆದು ಬರಬಲ್ಲವರು ಪಕ್ಕದ ಮನೆಯವರು ಮಾತ್ರ. ಅವರ ಫೋನಿಗೂ ಎಚ್ಚರಿಕೆ ಹೋಗುವಂತೆ ಪ್ರತ್ಯೇಕ ಲಾಗಿನ್ ಮಾಡಿಕೊಡಿ. ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಅವರ ಬಾವಿಕಟ್ಟೆ, ಬಚ್ಚಲ ಬಾಗಿಲು ಚಿತ್ರದಲ್ಲಿ ಬರುವುದಾದರೆ ಆ ಭಾಗವನ್ನು ಕಪ್ಪಾಗಿಸುವ ಸೌಲಭ್ಯ ಬಹುತೇಕ ಕ್ಯಾಮೆರಾಗಳಲ್ಲಿ ಇರುತ್ತದೆ. ಹಾಕಿಸುವ ದಿನವೇ ಅವರನ್ನು ಕರೆದು, ಪರದೆ ತೋರಿಸಿ, ಅವರು ಹೇಳಿದಷ್ಟನ್ನು ಮುಚ್ಚಿಸಿ.