ಹದಿಮೂರು ಸೆಕೆಂಡಿನ ಓಟ, ಇಪ್ಪತ್ತನಾಲ್ಕು ಗಂಟೆಯ ಕೆಲಸ

ಕಂಬಳವೆಂದರೆ ಕೆಸರುಗದ್ದೆಯಲ್ಲಿ ಕೋಣಗಳ ಓಟ ಎಂಬುದು ಎಲ್ಲರಿಗೂ ಗೊತ್ತು. ಒಂದು ಜೋಡಿ ಓಡಿ ಮುಗಿಸಲು ಹದಿಮೂರು ಹದಿನಾಲ್ಕು ಸೆಕೆಂಡು ಸಾಕು. ಆದರೆ ಶನಿವಾರ ಬೆಳಿಗ್ಗೆ ಆರಂಭವಾದ ಕಂಬಳ ಮುಗಿಯುವಾಗ ಭಾನುವಾರದ ಬಿಸಿಲು ಏರಿರುತ್ತದೆ. ಉಳಿದ ಹೊತ್ತು ಎಲ್ಲಿ ಹೋಯಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ, ನೂರಾರು ಮಂದಿ ಕೂಡಿ ಮಾಡುವ ಕೆಲಸ ಎಲ್ಲಿ ಕೈಗೂಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೂ ತಿಳಿಯುತ್ತದೆ.

ಮೂಡುಬಿದಿರೆಯ ಕಡಲಕೆರೆಯಲ್ಲಿ ‘ಕೋಟಿ-ಚೆನ್ನಯ’, ಬೆಳ್ತಂಗಡಿ ತಾಲೂಕಿನ ವೇಣೂರು ಪೆರ್ಮುಡದಲ್ಲಿ ‘ಸೂರ್ಯ-ಚಂದ್ರ’, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ‘ವೀರ-ವಿಕ್ರಮ’. ಇವೆಲ್ಲ ಜೋಡುಕರೆ ಕಂಬಳಗಳು. ಅಕ್ಕಪಕ್ಕದ ಎರಡು ಕರೆಗಳಿಗೆ ಎರಡು ಹೆಸರು. ಕರೆಯ ಒಂದು ತುದಿಯಲ್ಲಿ ಕೋಣಗಳನ್ನು ಬಿಡುವ ಗಂತು, ಇನ್ನೊಂದು ತುದಿಯಲ್ಲಿ ಅವು ಓಡಿ ಹತ್ತುವ ಇಳಿಜಾರು ದಿಬ್ಬ, ಮಂಜೊಟ್ಟಿ. ಊರು ಬೇರೆಯಾದರೂ ಕೋಣಗಳ ಯಜಮಾನರು, ಓಟಗಾರರು, ತೀರ್ಪುಗಾರರು ಬಹುತೇಕ ಅವರೇ. ಒಂದು ಊರಿನ ದಿನಾಂಕ ಜಾರಿದರೆ ಇನ್ನೊಂದು ಊರಿನ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ ಋತು ಆರಂಭವಾಗುವ ಮೊದಲೇ ಕಂಬಳ ಸಮಿತಿಯ ಸಭೆಯಲ್ಲಿ ವೇಳಾಪಟ್ಟಿ ನಿಗದಿಯಾಗುತ್ತದೆ. ಕೆಲಸದ ಮೊದಲ ಗಂಟು ಬೀಳುವುದು ಗದ್ದೆಯಲ್ಲಲ್ಲ, ಆ ಸಭೆಯಲ್ಲಿ.

ಹಿಂದೆ ಈ ತೊಂದರೆ ಇರಲಿಲ್ಲ. ಕಂಬಳಗದ್ದೆ ಊರಿನ ಗುತ್ತಿಗೋ ಬೀಡಿಗೋ ಸೇರಿದ್ದು. ಯಾರು ಕೋಣ ತರಬೇಕು, ಯಾರು ಗದ್ದೆ ಹದ ಮಾಡಬೇಕು, ಯಾರು ಡೋಲು ಬಾರಿಸಬೇಕು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ಕೇಳುವವರಿಲ್ಲ, ಹೇಳುವವರಿಲ್ಲ, ಕೆಲಸ ಮಾತ್ರ ಅಚ್ಚುಕಟ್ಟು. ಆದರೆ ಆ ಅಚ್ಚುಕಟ್ಟಿನ ಬೆಲೆಯನ್ನು ತೆತ್ತವರು ಕೊರಗರಂಥ ಸಮುದಾಯದವರು. ಅವರಿಗೆ ಹೇರಿದ್ದ ಅಜಲು ಚಾಕರಿಯನ್ನು ೨೦೦೦ದಲ್ಲಿ ಕರ್ನಾಟಕ ಸರ್ಕಾರ ಕಾನೂನು ಮಾಡಿಯೇ ನಿಷೇಧಿಸಬೇಕಾಯಿತು. ಸಸೂತ್ರವಾಗಿ ನಡೆಯುವ ವ್ಯವಸ್ಥೆಯೆಲ್ಲ ನ್ಯಾಯವಾದ ವ್ಯವಸ್ಥೆಯೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೧೯೭೪ರ ತಿದ್ದುಪಡಿಯ ಬಳಿಕ ಭೂಸುಧಾರಣೆ ಬಿರುಸಾಗಿ ಜಾರಿಗೆ ಬಂದು, ಗುತ್ತಿನ ಗದ್ದೆಗಳು ಒಕ್ಕಲುಗಳ ಕೈಸೇರಿದವು. ಕಂಬಳಗಳ ಹೊಣೆ ಹೆಚ್ಚುಹೆಚ್ಚಾಗಿ ಸಮಿತಿಗಳ ಹೆಗಲಿಗೆ ಬಂತು. ಸಮಿತಿಯಲ್ಲಿ ಅಪ್ಪಣೆ ನಡೆಯುವುದಿಲ್ಲ. ದುಡಿಯುವವರು ಸ್ವಯಂಸೇವಕರು, ಅವರಿಗೆ ಸಂಬಳವಿಲ್ಲ, ಗದರಿಸಿದರೆ ಮನೆಗೆ ಹೋದಾರು. ಕೋಣಗಳ ಯಜಮಾನರು ಪ್ರತಿಷ್ಠಿತರು, ಅವರನ್ನು ನೋಯಿಸುವಂತಿಲ್ಲ. ಇಂಥ ಕಡೆ ಕೆಲಸ ಸಾಗಬೇಕಾದರೆ ಅಧಿಕಾರದ ಬದಲು ಎಲ್ಲರೂ ಮೊದಲೇ ಒಪ್ಪಿದ ನಿಯಮ ಬೇಕು.

ಈಗ ಹೊತ್ತಿನ ಲೆಕ್ಕ ನೋಡೋಣ. ಕಂಬಳದಲ್ಲಿ ಆರು ವಿಭಾಗಗಳು: ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಬೇಕು. ಹಗ್ಗ ಮತ್ತು ನೇಗಿಲಿನಲ್ಲಿ ಎರಡೆರಡು ಜೋಡಿಗಳ ಪೈಪೋಟಿ, ಸೋತವರು ಹೊರಗೆ. ಈ ನಾಲ್ಕು ವಿಭಾಗಗಳಲ್ಲಿ ಒಟ್ಟು ೧೫೦ ಜೋಡಿ ಇವೆ ಎಂದಿಟ್ಟುಕೊಳ್ಳಿ. ಪ್ರತಿ ಓಟದಲ್ಲೂ ಒಂದು ಜೋಡಿ ಹೊರಬಿದ್ದು, ವಿಭಾಗಕ್ಕೊಂದರಂತೆ ನಾಲ್ಕು ಜೋಡಿ ಉಳಿಯಬೇಕಾದರೆ ೧೪೬ ಓಟಗಳು ಬೇಕು. ಓಟಕ್ಕೆ ೧೫ ಸೆಕೆಂಡಿನಂತೆ ಹಿಡಿದರೂ ಎಲ್ಲ ಸೇರಿ ೩೭ ನಿಮಿಷ ದಾಟದು! ಆದರೆ ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ಐದು ನಿಮಿಷ ಹಿಡಿದರೆ ಹನ್ನೆರಡು ಗಂಟೆ, ಹತ್ತು ನಿಮಿಷ ಹಿಡಿದರೆ ಇಪ್ಪತ್ತನಾಲ್ಕು ಗಂಟೆ ದಾಟುತ್ತದೆ.

ಅಂದರೆ ಕಂಬಳದ ಹೊತ್ತು ನುಂಗುವುದು ಕರೆಯಲ್ಲ, ಗಂತು. ಒಂದು ಜೋಡಿ ಸಜ್ಜಾಗಿ ನಿಂತಾಗ ಪಕ್ಕದ ಜೋಡಿ ತಿರುಗಿಬಿಡುತ್ತದೆ. ಅದು ನೇರವಾಗುವಷ್ಟರಲ್ಲಿ ಇದು ಕೆರಳುತ್ತದೆ. ಎದುರಾಳಿಯ ಕೋಣ ದಣಿಯಲಿ ಎಂದು ಬೇಕೆಂದೇ ತಡ ಮಾಡುವುದೂ ಉಂಟು. ಕೋಣವನ್ನು ಇನ್ನಷ್ಟು ವೇಗವಾಗಿ ಓಡಿಸಿದರೆ ಕಂಬಳ ಬೇಗ ಮುಗಿಯುವುದಿಲ್ಲ. ಗಂತಿನಲ್ಲಿ ಎರಡು ನಿಮಿಷ ಉಳಿಸಿದರೆ ಐದು ಗಂಟೆ ಉಳಿಯುತ್ತದೆ. ಆದ್ದರಿಂದಲೇ ಗಂತಿನಲ್ಲಿ ಕೋಣ ಬಿಡಲು ಸಮಯದ ಮಿತಿ ಹಾಕುವುದು ಸಮಿತಿಗಳ ಮುಖ್ಯ ಪ್ರಯತ್ನವಾಗಿದೆ. ಕಚೇರಿಯ ಕಡತವಿರಲಿ, ಸೇತುವೆಯ ಕಾಮಗಾರಿಯಿರಲಿ, ತಡವಾಗುವುದು ಬಹುಮಟ್ಟಿಗೆ ಕೆಲಸ ಮಾಡುವಾಗಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ.

ಎರಡನೆಯ ತೊಡಕು ತೀರ್ಪಿನದು. ಗೆದ್ದವರಾರು ಎಂಬ ತಕರಾರು ಎದ್ದರೆ ಕಂಬಳವೇ ನಿಂತುಬಿಡುತ್ತದೆ. ಕೊನೆಗೆರೆಯಲ್ಲಿ ಲೇಸರ್ ಕಿರಣ, ವಿಡಿಯೊ ಬಂದ ಮೇಲೆ ಇದಕ್ಕೆ ಎಡೆ ಕಡಿಮೆಯಾಯಿತು. ಇದೇ ಅಳತೆಯಿಂದಾಗಿ ೨೦೨೦ರ ಫೆಬ್ರುವರಿಯಲ್ಲಿ ಕಂಬಳ ಜಗತ್ತಿನ ಕಣ್ಣಿಗೂ ಬಿತ್ತು. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದಲ್ಲಿ ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಮುಗಿಸಿದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು ೧೪೩ ಮೀಟರನ್ನು ೧೩.೬೧ ಸೆಕೆಂಡಿನಲ್ಲಿ ಓಡಿದರು. ಉಸೇನ್ ಬೋಲ್ಟ್‌ಗೆ ಹೋಲಿಸಿದ ಸುದ್ದಿಗಳೇನೋ ಬಂದವು. ಆದರೆ ಕೋಣಗಳ ಸೆಳೆತದಲ್ಲಿ ಓಡುವುದೂ ಒಬ್ಬನೇ ಓಡುವುದೂ ಬೇರೆ ಬೇರೆ.

ಹೊತ್ತಿನ ಶಿಸ್ತು ಕೇವಲ ಪ್ರೇಕ್ಷಕರ ಅನುಕೂಲದ ಮಾತಲ್ಲ, ಕಂಬಳದ ಅಳಿವು ಉಳಿವಿನ ಮಾತು. ಜಲ್ಲಿಕಟ್ಟು ಕುರಿತು ಸುಪ್ರೀಂ ಕೋರ್ಟು ೨೦೧೪ರಲ್ಲಿ ನೀಡಿದ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ರಾಜ್ಯ ಸರ್ಕಾರ ೨೦೧೭ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು; ೨೦೨೩ರ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಆದರೆ ಈ ಅನುಮತಿಗೆ ಷರತ್ತಿದೆ: ಕೋಣಗಳಿಗೆ ಅನಗತ್ಯ ನೋವಾಗಬಾರದು. ಗಂತಿನಲ್ಲಿ ತಡವಾದಷ್ಟೂ ಕೋಣ ಬಿಸಿಲಲ್ಲಿ ಬಳಲುತ್ತದೆ, ಹಿಡಿದವರ ತಾಳ್ಮೆ ಕೆಡುತ್ತದೆ, ಬೆತ್ತದತ್ತ ಕೈ ಹೋಗುತ್ತದೆ. ಗಡಿಯಾರ ಕೆಟ್ಟರೆ ಕಾನೂನೂ ಕೆಡುತ್ತದೆ.

ಮೊದಲ ಬಹುಮಾನ ಒಂದೆರಡು ಪವನು ಚಿನ್ನ. ಕೋಣ ಸಾಕುವ ವರ್ಷದ ಖರ್ಚಿನ ಮುಂದೆ ಅದು ಏನೂ ಅಲ್ಲ. ಆದರೂ ಯಜಮಾನರು ಬರುತ್ತಾರೆ, ಸ್ವಯಂಸೇವಕರು ರಾತ್ರಿಯಿಡೀ ನಿಲ್ಲುತ್ತಾರೆ. ಜನರ ಉತ್ಸಾಹಕ್ಕೆ ಕೊರತೆಯಿಲ್ಲ. ಆ ಉತ್ಸಾಹ ಗಂತಿನಲ್ಲಿ ಸೋರಿಹೋಗದಂತೆ ನೋಡಿಕೊಳ್ಳುವುದೇ ಸಂಘಟಕರ ಕೆಲಸ.