ಪುಣೆಯ ಪ್ರಯೋಗಶಾಲೆ, ಸೊರಬದ ಕಾಡು



ನಮ್ಮ ಸಂಘದ ಪ್ರತಿಭಾ ಪುರಸ್ಕಾರ ಸಮಾರಂಭ ಮುಗಿದು, ಉಪ್ಪಿಟ್ಟು-ಕೇಸರಿಭಾತಿನ ತಟ್ಟೆಗಳು ಕೈಗೆ ಬರುತ್ತಿದ್ದ ಹೊತ್ತಿಗೆ ಒಬ್ಬ ಹುಡುಗಿ ನನ್ನ ಬಳಿ ಬಂದಳು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ, ತಂದೆಯವರು ವಿಜಾಪುರದ ಕಡೆಯವರು. ಕಾಲೇಜಿನಲ್ಲಿ ಸೆಮಿನಾರಿಗೆಂದು ಅವಳಿಗೆ ಒಂದು ವೈರಸ್ ರೋಗದ ವಿಷಯ ಕೊಟ್ಟಿದ್ದರಂತೆ. "ಕಾಕಾ, ಕೈಸನೂರ್ ಅಂತ ಅದರಿ ಅದರ ಹೆಸರು. ಅದು ಎಲ್ಲಿ ಬರ್ತದ, ಆಫ್ರಿಕಾದಾಗೇನ್ರಿ?" ಎಂದು ಕೇಳಿದಳು.

ನಾನು ಸಾಗರ ತಾಲ್ಲೂಕಿನವನು. ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲ್ಲೂಕಿನಲ್ಲಿದೆ. ನಗು ಬಂತು, ಒಳಗೊಳಗೇ ಬೇಸರವೂ ಆಯಿತು. ಬೇಸರ ಅವಳ ಮೇಲಲ್ಲ. ಇಷ್ಟು ವರ್ಷ ಪ್ರತಿಭಾವಂತರಿಗೆ ಶಾಲು ಹೊದಿಸುತ್ತ, ಫಲತಾಂಬೂಲ ಕೊಡುತ್ತ ಬಂದ ನಾವು ಹಿರಿಯರು, ಈ ಊರಿಗೂ ನಮ್ಮ ನಾಡಿಗೂ ಜೀವವಿಜ್ಞಾನ ಹಾಕಿದ ಗಂಟಿನ ಕಥೆಯನ್ನು ಮಕ್ಕಳಿಗೆ ಒಮ್ಮೆಯೂ ಹೇಳಲಿಲ್ಲವಲ್ಲ ಎಂದು. ಅವಳಿಗೆ ಅಂದು ನಿಂತಲ್ಲೇ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಡಾ. ಅಂಬೇಡ್ಕರ್ ರಸ್ತೆಯಲ್ಲಿರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿಯ ಹೆಸರು ನಿಮಗೆ ಗೊತ್ತು. 2020ರಲ್ಲಿ ಕೊರೊನಾ ಬಂದಾಗ "ಸ್ಯಾಂಪಲ್ ಪುಣೆಗೆ ಹೋಗಿದೆ" ಎಂಬ ಮಾತನ್ನು ಇಡೀ ದೇಶ ಕೇಳಿತು. ಈ ಸಂಸ್ಥೆ 1952ರಲ್ಲಿ ವೈರಸ್ ರಿಸರ್ಚ್ ಸೆಂಟರ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ ಕಟ್ಟಿದ್ದು. ಈಗಿನ ಹೆಸರು ಬಂದದ್ದು 1978ರಲ್ಲಿ. ಸೊಳ್ಳೆ, ಉಣುಗುಗಳಂಥ ಕೀಟಗಳಿಂದ ಹರಡುವ ವೈರಸ್ಸುಗಳನ್ನು ಅಭ್ಯಾಸ ಮಾಡುವುದು ಅದರ ಮೊದಲ ಉದ್ದೇಶವಾಗಿತ್ತು. ಐದೇ ವರ್ಷದಲ್ಲಿ ಅದಕ್ಕೊಂದು ಪರೀಕ್ಷೆ ಎದುರಾಯಿತು.

1957ರ ಬೇಸಗೆ. ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೆ ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ-ಕಾಲುಗಳಲ್ಲಿ ಎದ್ದೇಳಲಾರದಷ್ಟು ನೋವು, ಕಣ್ಣು ಕೆಂಪು. ಕೆಲವರಿಗೆ ಮೂಗಿನಿಂದ, ಒಸಡಿನಿಂದ ರಕ್ತ. ಜ್ವರ ಬಿಟ್ಟು ವಾರ-ಎರಡು ವಾರದ ಮೇಲೆ ಕೆಲವರಿಗೆ ಮತ್ತೆ ಮರುಕಳಿಸುತ್ತಿತ್ತು. ಅದೇ ಕಾಡುಗಳಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳುತ್ತಿದ್ದವು. ಎರಡಕ್ಕೂ ಸಂಬಂಧವಿದೆಯೆಂದು ಹಳ್ಳಿಗರಿಗೆ ಯಾವ ಪ್ರಯೋಗಶಾಲೆಯೂ ಹೇಳಬೇಕಾಗಲಿಲ್ಲ. ಅವರು ಅದನ್ನು 'ಮಂಗನ ಕಾಯಿಲೆ' ಎಂದು ಕರೆದರು. ಇಂದಿಗೂ ನಮ್ಮ ಕಡೆ ಅದೇ ಹೆಸರು.

ಈ ಸುದ್ದಿ ಪುಣೆಯನ್ನು ತಲುಪಿದಾಗ ವಿಜ್ಞಾನಿಗಳಿಗೆ ದಿಗಿಲಾಯಿತು. ಮಂಗ, ಮನುಷ್ಯ ಒಟ್ಟೊಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಕಾಡುಗಳ ಹಳದಿ ಜ್ವರದ ಲಕ್ಷಣ. ಆ ರೋಗ ಭಾರತದಲ್ಲಿ ಎಂದೂ ಇರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಊರೂರಿನಲ್ಲೂ ಇದೆ. ಅದು ಒಳಗೆ ಬಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಸಂಸ್ಥೆಯ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೋ ತಮ್ಮ ತಂಡದೊಂದಿಗೆ ಮಲೆನಾಡಿಗೆ ಧಾವಿಸಿದರು. ರೋಗಿಗಳ ರಕ್ತ, ಮಂಗಗಳ ಅಂಗಾಂಶ ಪುಣೆಗೆ ಬಂದವು. ಅವನ್ನು ಹಾಲು ಕುಡಿಯುವ ಇಲಿಮರಿಗಳಿಗೆ ಚುಚ್ಚಿ ನೋಡುವುದು ಅಂದಿನ ಪದ್ಧತಿ. ವೈರಸ್ ಸಿಕ್ಕಿತು. ಆದರೆ ಅದು ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯದ ಹಿಮದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಒಂದು ಮಿದುಳು ಜ್ವರವಿದೆ, ಅದರ ವೈರಸ್ಸಿಗೆ ದಾಯಾದಿ! ಅದುವರೆಗೆ ಜಗತ್ತಿನಲ್ಲಿ ಯಾರೂ ಕಾಣದಿದ್ದ ಹೊಸ ವೈರಸ್. ಅದು ಮೊದಲು ಸಿಕ್ಕ ಮಂಗ ಕ್ಯಾಸನೂರು ಕಾಡಿನದಾದ್ದರಿಂದ ಆ ಊರಿನ ಹೆಸರೇ ವೈರಸ್ಸಿಗೂ ರೋಗಕ್ಕೂ ಉಳಿಯಿತು.

ಸೈಬೀರಿಯದ ನೆಂಟ ಸೊರಬಕ್ಕೆ ಬಂದದ್ದಾದರೂ ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಜೊತೆ ಬಂದಿರಬಹುದೆಂಬ ಊಹೆ ಹುಟ್ಟಿತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡರು. ಊಹೆ ರುಜುವಾತಾಗಲಿಲ್ಲ. ಆದರೆ ಭಾರತಕ್ಕೆ ಬರುವ ಹಕ್ಕಿಗಳ ದಾರಿಗಳ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಆ ಉಂಗುರಗಳಿಂದ ಬಂದದ್ದು. ಸೊರಬದ ಒಂದು ಮಂಗ ಎಲ್ಲಿಂದೆಲ್ಲಿಗೆ ಕರೆದೊಯ್ಯಿತು ನೋಡಿ.

ಮುಂದಿನ ಕೆಲಸ ನಡೆದದ್ದು ಕಾಡಿನಲ್ಲಿ. ಸಂಸ್ಥೆ ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರ ತೆರೆಯಿತು. ಉಣುಗು ಎಂದರೆ ದನ, ನಾಯಿಗಳ ಮೈಗೆ ಕಚ್ಚಿಕೊಳ್ಳುವ ಹುಳು. ನಿಮ್ಮ ಮನೆಗಳಲ್ಲಿ 'ಉಣ್ಣಿ' ಅನ್ನಬಹುದು, ಇಲ್ಲಿನ ಮರಾಠಿಯಲ್ಲಿ 'ಗೋಚೀಡ'. ಅದನ್ನು ಹಿಡಿಯುವ ವಿಧಾನ ಬಹಳ ಸರಳ. ಬಿಳಿ ಬಟ್ಟೆಯೊಂದನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುವುದು. ತರಗೆಲೆಯ ಮೇಲೆ ಕಾದು ಕುಳಿತ ಉಣುಗುಗಳು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಒಂದೊಂದನ್ನೇ ಚಿಮಟದಿಂದ ಎತ್ತಿ ಸೀಸೆಗೆ ಹಾಕಿ, ಜಾತಿ ಗುರುತಿಸಿ, ವೈರಸ್ ಇದೆಯೇ ಎಂದು ನೋಡಬೇಕು. ಒಂದು ದಿನವಲ್ಲ, ಒಂದು ತಿಂಗಳಲ್ಲ, ವರ್ಷಗಟ್ಟಲೆ! ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯೇ ಮುಖ್ಯ ಅಪರಾಧಿ ಎಂದು ಪತ್ತೆಯಾದದ್ದು ಇಂಥ ತಾಳ್ಮೆಯಿಂದ.

ಆ ದಿನಗಳಲ್ಲಿ ಸಾಗರದ ಕಾಡುಗಳಲ್ಲಿ ದುಡಿದವರಲ್ಲಿ ಡಾ. ಪಿ.ಕೆ. ರಾಜಗೋಪಾಲನ್ ಒಬ್ಬರು. ಮುಂದೆ ಪಾಂಡಿಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನ ನಿರ್ದೇಶಕರಾದರು, 1990ರಲ್ಲಿ ಪದ್ಮಶ್ರೀ ಪಡೆದರು. 1964ರಲ್ಲಿ ಟ್ರಾಪಿಡೋ, ಉಣುಗುಗಳ ವಿಶ್ವತಜ್ಞ ಹ್ಯಾರಿ ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್ ಮೂವರೂ ಸೇರಿ ಒಂದು ಹೊಸ ಜಾತಿಯ ಉಣುಗನ್ನು ವರ್ಣಿಸಿ ಅದಕ್ಕೆ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಹೆಸರಿಟ್ಟರು. ನಮ್ಮ ಹಳ್ಳಿಯ ಹೆಸರು ಲ್ಯಾಟಿನ್ ಉಡುಪು ತೊಟ್ಟು ಜಗತ್ತಿನ ಪ್ರಾಣಿಶಾಸ್ತ್ರವನ್ನು ಸೇರಿದ್ದು ಹೀಗೆ.

ಇನ್ನೊಬ್ಬರು ಕೊಲಂಬಿಯ ದೇಶದ ಹೋರ್ಹೆ ಬೊಶೆಲ್. ತಮ್ಮ ನಾಡಿನಲ್ಲಿ ಮರ ಕಡಿಯುವವರ ಜೊತೆ ನಿಂತಿದ್ದಾಗ, ಮರ ಉರುಳಿದೊಡನೆ ಎತ್ತರದ ಕೊಂಬೆಗಳಲ್ಲಿದ್ದ ಸೊಳ್ಳೆಗಳು ನೆಲಕ್ಕೆ ಬಂದು ಮುತ್ತಿದ್ದನ್ನು ಕಂಡು, ಕಾಡಿನ ಹಳದಿ ಜ್ವರ ಮನುಷ್ಯನಿಗೆ ತಗಲುವ ಬಗೆಯನ್ನು ಬಿಡಿಸಿದವರು ಅವರು. ಮಲೆನಾಡಿನಲ್ಲೂ ಅವರ ಕಣ್ಣು ಹಾಗೆಯೇ ಕೆಲಸ ಮಾಡಿತು. ಕಾಡು ಕಡಿದು ಗದ್ದೆ ಮಾಡಿದಲ್ಲಿ, ಅಂಚಿನಲ್ಲಿ ಲಂಟಾನ ಬೆಳೆದಲ್ಲಿ, ದನಗಳು ಒಳನುಗ್ಗಿ ಮೇಯುವಲ್ಲಿ ಉಣುಗು ಹೆಚ್ಚುತ್ತದೆ. ಬೆಳೆದ ಉಣುಗಿಗೆ ದನದ ರಕ್ತ ಹೇರಳವಾಗಿ ಸಿಕ್ಕಿ ಅದರ ಸಂತತಿ ಬೆಳೆಯುತ್ತದೆ. ದನಕ್ಕೆ ಈ ಕಾಯಿಲೆ ಬಾಧಿಸದು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಆ ಜಾಗವೇ ವಿಷದ ಮಡುವಾಗುತ್ತದೆ. ಸೌದೆಗೆ, ಸೊಪ್ಪಿಗೆ, ದರಕು ಗುಡಿಸಲು ಹೋದ ಹೆಂಗಸರು, ಆಳುಗಳು ಅಲ್ಲಿ ಕಾಲಿಟ್ಟರೆ ಎಳೆಯ ಉಣುಗು ಕಚ್ಚುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಅಂದರೆ ನಾವು ಬದುಕುವ ಕ್ರಮವೇ ರೋಗದ ದಾರಿಯಾಗಿತ್ತು. ಬೊಶೆಲ್ ಇದನ್ನು 1969ರಲ್ಲಿ ಬರೆದರು. ಪರಿಸರ ಎಂಬ ಮಾತು ಇನ್ನೂ ಬಾಯಿಂದ ಬಾಯಿಗೆ ಬಂದಿರದ ಕಾಲ ಅದು. ನನ್ನನ್ನು ಕೇಳಿದರೆ ಈ ಇಡೀ ಸಂಶೋಧನೆಯಲ್ಲಿ ಅತ್ಯಂತ ದೊಡ್ಡ ಸಾಧನೆ ಇದೇ, ವೈರಸ್ ಸಿಕ್ಕಿದ್ದಕ್ಕಿಂತ ದೊಡ್ಡದು.

ಪುಣೆಯ ಸಂಸ್ಥೆಯನ್ನು ಮುನ್ನಡೆಸಿದವರಲ್ಲಿ ಡಾ. ಟಿ. ರಾಮಚಂದ್ರ ರಾವ್ ಅವರನ್ನು ಇಲ್ಲಿ ನೆನೆಯಲೇಬೇಕು. ವೈರಸ್ಸಿನ ಕೆಲಸಕ್ಕೆ ಬರುವ ಮುಂಚೆ, 1940ರ ದಶಕದಲ್ಲಿ, ಡಿ.ಕೆ. ವಿಶ್ವನಾಥನ್ ಅವರೊಂದಿಗೆ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾ ತಡೆಯುವ ದೊಡ್ಡ ಪ್ರಯೋಗ ನಡೆಸಿದವರು ಅವರು. ಆಗ ಆ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನಿಮ್ಮಲ್ಲಿ ಎಷ್ಟೋ ಜನರ ಅಜ್ಜ-ಅಜ್ಜಿಯರು ಚಳಿಜ್ವರದಿಂದ ಉಳಿದದ್ದು ಅದರಿಂದಲೇ ಇರಬಹುದು. ಡಾ. ಖುರ್ಷಿದ್ ಪಾವ್ರಿ ಮಂಗನ ಕಾಯಿಲೆಯ ಲಕ್ಷಣಗಳನ್ನು ಕೂಲಂಕಷವಾಗಿ ಅಭ್ಯಾಸ ಮಾಡಿ, ಈ ಸಂಸ್ಥೆಯ ನಿರ್ದೇಶಕ ಸ್ಥಾನಕ್ಕೇರಿದ ಮೊದಲ ಮಹಿಳೆ.

ಹೆಸರು ಗೊತ್ತಿರುವವರ ಮಾತಾಯಿತು. ಇನ್ನು ಹೆಸರು ಗೊತ್ತಿಲ್ಲದವರು. ಈ ವೈರಸ್ ಪ್ರಯೋಗಶಾಲೆಯಲ್ಲೂ ಸುಮ್ಮನಿರುವ ಜಾತಿಯದಲ್ಲ. ಆರಂಭದ ವರ್ಷಗಳಲ್ಲಿ ಪುಣೆಯ ಸಿಬ್ಬಂದಿಯಲ್ಲಿ ಅನೇಕರಿಗೆ ರೋಗ ತಗಲಿತು. ಅವರ ಕಾಯಿಲೆಯ ವಿವರಗಳೇ ವೈದ್ಯಕೀಯ ಲೇಖನವಾಗಿ ಪ್ರಕಟವಾದವು. ರೋಗದ ಚಿಕಿತ್ಸೆಯ ಬಗ್ಗೆ ವೈದ್ಯರು ಕಲಿತದ್ದರಲ್ಲಿ ಒಂದು ಪಾಲು ಹಾಸಿಗೆ ಹಿಡಿದ ಆ ಸಿಬ್ಬಂದಿಯಿಂದ. ಲೇಖನದ ತಲೆಯ ಮೇಲೆ ಬರೆದವರ ಹೆಸರಿದೆ, ಜ್ವರ ಬಂದವರ ಹೆಸರಿಲ್ಲ. ವಿಜ್ಞಾನದ ರೀತಿಯೇ ಹಾಗೆ, ತಪ್ಪೆನ್ನಲಾರೆ. ಆದರೆ ಪ್ರಶಸ್ತಿಗಳ ಪಟ್ಟಿ ಓದುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಲಸಿಕೆಯ ಕಥೆ ಅಷ್ಟು ಸಂತೋಷದ್ದಲ್ಲ. ಮೊದಲು ರಷ್ಯದ ರೋಗಕ್ಕೆಂದು ತಯಾರಾಗಿದ್ದ ಲಸಿಕೆಯನ್ನೇ ಮಲೆನಾಡಿನಲ್ಲಿ ಕೊಟ್ಟು ನೋಡಿದರು, ಫಲಿಸಲಿಲ್ಲ. ಆಮೇಲೆ ಪುಣೆಯ ವಿಜ್ಞಾನಿಗಳು ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ಕೊಂದು ಲಸಿಕೆ ಮಾಡಿದರು. ಈ ನಡುವೆ 1983ರಲ್ಲಿ ರೋಗ ಘಟ್ಟ ಇಳಿದು ಬೆಳ್ತಂಗಡಿ ತಾಲ್ಲೂಕಿನಲ್ಲಿ ಭೀಕರವಾಗಿ ಹಬ್ಬಿತ್ತು. ಅಲ್ಲಿಯೂ ಗೇರು ತೋಟಕ್ಕಾಗಿ ಕಾಡು ಕಡಿದದ್ದರ ಮಾತು ಬಂತು. 1990ರಿಂದ 1992ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಲಸಿಕೆಯ ಪರೀಕ್ಷೆ ನಡೆಯಿತು. ಡಾ. ದಾಂಡವತೆ ಮತ್ತು ಸಂಗಡಿಗರು 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಸಲ ಚುಚ್ಚಿಸಿಕೊಂಡವರಲ್ಲಿ ಸುಮಾರು ಶೇ. 79, ಎರಡು ಸಲ ಚುಚ್ಚಿಸಿಕೊಂಡವರಲ್ಲಿ ಸುಮಾರು ಶೇ. 94ರಷ್ಟು ರಕ್ಷಣೆ.

ಅಲ್ಲಿಗೆ ಎಲ್ಲರೂ ಕೆಲಸ ಮುಗಿಯಿತೆಂದುಕೊಂಡರೆಂದು ಕಾಣುತ್ತದೆ. ಶಾಲು ಹೊದಿಸಿ ಮನೆಗೆ ಕಳಿಸುವ ನಮ್ಮ ಸಮಾರಂಭದ ಹಾಗೆ. ಅದೇ ಲಸಿಕೆ ದಶಕಗಟ್ಟಲೆ ನಡೆಯಿತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಸುಮಾರು ಶೇ. 62ಕ್ಕೆ ಇಳಿದಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗ ಎದ್ದಾಗ ನನ್ನ ಊರಿನ ಕಡೆಯಿಂದ ಬಂದ ಫೋನುಗಳನ್ನು ನಾನು ಮರೆಯಲಾರೆ. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ರೋಗವಂತೂ ಕಾಯುತ್ತ ಕೂತಿಲ್ಲ. ಬಂಡೀಪುರ, ವಯನಾಡು, ಗೋವಾ ದಾಟಿ 2016ರಲ್ಲಿ ನಮ್ಮ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗೂ ಬಂತು. ಪಾಷಾಣದಲ್ಲಿ ಸಂಸ್ಥೆಯು ಅತ್ಯಂತ ಅಪಾಯಕಾರಿ ವೈರಸ್ಸುಗಳಿಗಾಗಿಯೇ ಕಟ್ಟಿರುವ ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ವೈರಸ್ಸುಗಳಲ್ಲಿ ನಮ್ಮ ಕ್ಯಾಸನೂರಿನದೂ ಒಂದು.

ಆ ಹುಡುಗಿ ಇದನ್ನೆಲ್ಲ ಕೇಳಿ, ತಟ್ಟೆಯಲ್ಲಿ ಆರಿಹೋದ ಉಪ್ಪಿಟ್ಟನ್ನೂ ಮರೆತು, "ಮತ್ತ ಆ ಜ್ವರ ಬಂದವರು ಯಾರ್ರಿ ಕಾಕಾ, ಈಗ ಎಲ್ಲ್ಯದಾರ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಇಲಿಗಳ ಮನೆ ನೋಡಿಕೊಂಡವರು, ಸೀಸೆ ತೊಳೆದವರು, ಪುಣೆಯಿಂದ ಸಾಗರಕ್ಕೆ ಜೀಪು ಓಡಿಸಿದವರು, ಬಿಳಿ ಬಟ್ಟೆ ಎಳೆದವರು, ಇವರಲ್ಲಿ ಕನ್ನಡಿಗರು ಇಲ್ಲದಿರಲು ಸಾಧ್ಯವಿಲ್ಲ. ಸಂಘದ ಮುಂದಿನ ಸಮಾರಂಭದಲ್ಲಿ ಅಂಥವರನ್ನೋ ಅವರ ಮನೆಯವರನ್ನೋ ವೇದಿಕೆಗೆ ಕರೆಯಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಮಾತಾಗಿದೆ. ನಿಮ್ಮ ಮನೆಯಲ್ಲಿ, ನಿಮ್ಮ ಸೊಸೈಟಿಯಲ್ಲಿ ಹಳೆಯ ವೈರಸ್ ರಿಸರ್ಚ್ ಸೆಂಟರಿನಲ್ಲಿ ದುಡಿದ ಹಿರಿಯರಿದ್ದರೆ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ, ಸಂಘದ ಕಚೇರಿಗೆ ತಿಳಿಸಿ. ಕನ್ನಡದಲ್ಲಿ ಬರೆಯಲು ಕಷ್ಟವಾದರೆ ಮರಾಠಿಯಲ್ಲೇ ಬರೆದು ತನ್ನಿ, ತಿದ್ದಿಕೊಳ್ಳುವ ಕೆಲಸ ನಮ್ಮದು. ಆ ಹುಡುಗಿ ತನ್ನ ಓಣಿಯ ಒಬ್ಬ ಅಜ್ಜನ ಸುಳಿವನ್ನು ಆಗಲೇ ತಂದಿದ್ದಾಳೆ. ಅವರಿಗೆ ಕಿವಿ ಸ್ವಲ್ಪ ಮಂದವಂತೆ, ಬೆಳಿಗ್ಗೆ ಹತ್ತರ ಒಳಗೆ ಹೋದರೆ ಚೆನ್ನಾಗಿ ಮಾತಾಡುತ್ತಾರಂತೆ.